ರೋಣ, ನರಗುಂದ, ಗಜೇಂದ್ರಗಡ ಪ್ರಾಂತದ ಪ್ರಾತಿನಿಧ್ಯದ ಇತಿಹಾಸ

೧. ವಿಷಯಪ್ರವೇಶ

ಒಂದು ನಾಡಿನ ಪರವಾಗಿ ಮಾತನಾಡುವ ಅಧಿಕಾರವು ಯಾರದು, ಆ ಅಧಿಕಾರವು ಅವರಿಗೆ ಎಲ್ಲಿಂದ ಪ್ರಾಪ್ತವಾಯಿತು ಎಂಬುದು ರಾಜಕೀಯ ಚರಿತ್ರೆಯ ಮೂಲಪ್ರಶ್ನೆಗಳಲ್ಲೊಂದು. ಈ ಪ್ರಶ್ನೆಯನ್ನು ರಾಜಧಾನಿಗಳಲ್ಲಿ ಕುಳಿತು ಕೇಳುವುದು ವಾಡಿಕೆ. ಆದರೆ ಅದಕ್ಕೆ ಸರಿಯಾದ ಉತ್ತರವು ದೊರೆಯಬೇಕಾದರೆ ತಾಲ್ಲೂಕುಗಳಿಗೂ ಪೇಟೆಗಳಿಗೂ ಇಳಿಯಬೇಕು. ಇಂದಿನ ಗದಗ ಜಿಲ್ಲೆಯ ಉತ್ತರಭಾಗದಲ್ಲಿರುವ ರೋಣ, ನರಗುಂದ, ಗಜೇಂದ್ರಗಡಗಳು ಇಂತಹ ಪರೀಕ್ಷೆಗೆ ಬಹು ತಕ್ಕ ಸ್ಥಳಗಳು. ಒಂದರಲ್ಲಿ ಸಂಸ್ಥಾನಿಕರು ಆಳಿದರು. ಇನ್ನೊಂದರಲ್ಲಿ ಘೋರ್ಪಡೆ ಮನೆತನದವರು ಕೋಟೆ ಕಟ್ಟಿಕೊಂಡಿದ್ದರು. ಮೂರನೆಯದು ಕಂಪನಿ ಸರಕಾರದ ಕಾಲದಿಂದಲೂ ಮಾಮಲೇದಾರರ ಕಚೇರಿಯ ಊರು. ಈ ಮೂರು ಬಗೆಯ ಆಳ್ವಿಕೆಯಿಂದ ಬಂದ ಜನರು ಇಂದು ಎರಡು ವಿಧಾನಸಭಾ ಕ್ಷೇತ್ರಗಳಲ್ಲಿ ಮತ ಕೊಡುತ್ತಾರೆ.

ಶಾಸಕರ ಚರಿತ್ರೆಯೆಂದರೆ ಹೆಸರು, ಪಕ್ಷ, ಇಸವಿಗಳ ಪಟ್ಟಿಯೆಂದು ತಿಳಿಯುವವರುಂಟು. ಪಟ್ಟಿಯು ಬೇಕಾದುದೇ ಸರಿ. ಆದರೆ ಚುನಾಯಿತನಾದವನು ಯಾರ ಒಪ್ಪಿಗೆಯಿಂದ ಆ ಸ್ಥಾನಕ್ಕೆ ಬಂದನು, ಯಾವ ಎಲ್ಲೆಯೊಳಗಣ ಜನರಿಗೆ ಉತ್ತರವಾದಿಯಾದನು, ಜನರು ಅವನನ್ನು ಮೀರಿ ತಾವೇ ಬೀದಿಗೆ ಬಂದುದು ಎಂದು ಎಂಬಿವನ್ನು ಅದು ತಿಳಿಸಲಾರದು. ಪ್ರಕೃತ ಲೇಖನದಲ್ಲಿ ಈ ಮೂರು ಪ್ರಶ್ನೆಗಳನ್ನು ಹಿಡಿದು ಈ ಪ್ರಾಂತದ ಪ್ರಾತಿನಿಧ್ಯದ ಕಥೆಯನ್ನು ಸಂಗ್ರಹವಾಗಿ ನಿರೂಪಿಸಲಾಗುವುದು.

೨. ಕೇಳದೆ ಕೈ ಬದಲಾದ ನಾಡು

ಕ್ರಿ. ಶ. ೧೭೮೫ರಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ನರಗುಂದವನ್ನು ಮುತ್ತಿ ವಶಪಡಿಸಿಕೊಂಡಿತು. ಅಲ್ಲಿಯ ಭಾವೆ ಮನೆತನದ ವೆಂಕಟರಾಯನೂ ಅವನ ಕಾರಭಾರಿ ಕಾಳೋಪಂತನೂ ಸೆರೆಯಾದರು. ಮರಾಠರಿಗೂ ಟಿಪ್ಪುವಿಗೂ ನಡೆದ ಯುದ್ಧಕ್ಕೆ ಇದೊಂದು ಕಾರಣವಾಯಿತು. ಆ ಯುದ್ಧವು ೧೭೮೭ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಮುಗಿಯಿತು. ಟಿಪ್ಪುವು ೪೮ ಲಕ್ಷ ರೂಪಾಯಿಗಳ ಕಪ್ಪವನ್ನು ಕೊಡಲು ಒಪ್ಪಿ, ಬಾದಾಮಿ, ಕಿತ್ತೂರು, ನರಗುಂದಗಳನ್ನು ಮರಾಠರಿಗೆ ಬಿಟ್ಟುಕೊಟ್ಟನು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ನರಗುಂದದ ಜನರು ಯಾರಿಗೆ ಕಂದಾಯ ತೆರಬೇಕೆಂಬುದು, ಎತ್ತಿನ ಬಂಡಿಯಲ್ಲಿ ಹೋಗಿ ಮುಟ್ಟಬಹುದಾದ ನೆರೆಯ ಕೋಟೆಯ ಹೆಸರಿನ ಒಪ್ಪಂದದಲ್ಲಿ ನಿಷ್ಕರ್ಷೆಯಾಯಿತು, ಆದರೆ ನರಗುಂದದ ಒಬ್ಬ ಒಕ್ಕಲಿಗನನ್ನಾದರೂ ಯಾರೂ ಕೇಳಲಿಲ್ಲ. ಅಂದಿನ ರಾಜನೀತಿಯಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲ.

೧೮೧೮ರಲ್ಲಿ ಪೇಶ್ವೆಯ ರಾಜ್ಯವು ಅಳಿದು ಧಾರವಾಡ ಸೀಮೆಯು ಕಂಪನಿ ಸರಕಾರದ ಕೈಸೇರಿತು. ರೋಣವು ಧಾರವಾಡ ಜಿಲ್ಲೆಯ ತಾಲ್ಲೂಕುಗಳಲ್ಲೊಂದಾಯಿತು. ನರಗುಂದವು ಮಾತ್ರ ಭಾವೆಯವರ ಸಂಸ್ಥಾನವಾಗಿ ಉಳಿಯಿತು. ಆ ಮನೆತನದ ಕೊನೆಯ ಅರಸನಾದ ಭಾಸ್ಕರರಾವ್, ಅಥವಾ ಬಾಬಾಸಾಹೇಬನು, ಗಂಡುಸಂತಾನವಿಲ್ಲದ ಕಾರಣ ದತ್ತು ತೆಗೆದುಕೊಳ್ಳಲು ಸರಕಾರದ ಅನುಮತಿಯನ್ನು ಬೇಡಿದನು, ಅನುಮತಿ ದೊರೆಯಲಿಲ್ಲ. ಇದರ ಮೇಲೆ ೧೮೫೭ರ ಅನಂತರದ ನಿಃಶಸ್ತ್ರೀಕರಣದ ಆಜ್ಞೆಯೂ ಸೇರಿ ಅಸಮಾಧಾನವು ಕುದಿಯಿತು. ೧೮೫೮ನೆಯ ಮೇ ೨೯ರ ರಾತ್ರಿ ಪೊಲಿಟಿಕಲ್ ಏಜಂಟನಾದ ಮ್ಯಾನ್‌ಸನ್ನನು ಸುರೇಬಾನದಲ್ಲಿ ಹತನಾದನು. ಕೆಲವೇ ದಿನಗಳಲ್ಲಿ ಕಂಪನಿಯ ದಂಡು ನರಗುಂದವನ್ನು ಹಿಡಿಯಿತು. ಬಾಬಾಸಾಹೇಬನು ಸೆರೆಸಿಕ್ಕಿ, ಜೂನ್ ೧೨ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲ್ಪಟ್ಟನು. ಸಂಸ್ಥಾನವು ಮುಟ್ಟುಗೋಲಾಗಿ ಧಾರವಾಡ ಜಿಲ್ಲೆಯೊಳಗೆ ಸೇರಿಹೋಯಿತು.

ಈ ಬಂಡಾಯವನ್ನು ದೇಶಭಕ್ತಿಯ ದೃಷ್ಟಿಯಿಂದ ಹಲವರು ವರ್ಣಿಸಿದ್ದಾರೆ. ನಮ್ಮ ವಿಷಯಕ್ಕೆ ಸಂಬಂಧಿಸಿದ ಅಂಶವು ಬೇರೆ. ನರಗುಂದದಲ್ಲಿ ಅಂದು ಎದ್ದ ಕಲಹವು ಉತ್ತರಾಧಿಕಾರದ ಕಲಹ: ಮುಂದೆ ಈ ನಾಡಿನ ಹೆಸರಿನಲ್ಲಿ ಮಾತನಾಡತಕ್ಕವನು ಯಾರು? ಅರಸನು ಅದು ತನ್ನ ಮನೆತನದ ಹಕ್ಕೆಂದನು. ಸರಕಾರವು ಅದು ತನ್ನ ಅನುಗ್ರಹವೆಂದಿತು. ಪ್ರಜೆಯು ಮೂರನೆಯ ಪಕ್ಷವಾಗಿ ಆ ವಾದದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ಆ ಪ್ರಜೆಯು ಕಾಣಿಸಿಕೊಳ್ಳುವುದಕ್ಕೆ ಇನ್ನೂ ಬಹುಕಾಲ ಹಿಡಿಯಿತು.

೩. ಕಂದಾಯದ ಮೇಲಣ ಮತ

೧೯೧೯ರ ಕಾಯಿದೆಯಿಂದ ಮುಂಬಯಿ ಇಲಾಖೆಯ ಶಾಸನಸಭೆಗೆ ಚುನಾಯಿತ ಸದಸ್ಯರ ಬಹುಮತವು ಬಂದಿತಾದರೂ, ಮತ ಕೊಡುವ ಹಕ್ಕು ಭೂಮಿಯ ಕಂದಾಯದ ಮೊತ್ತಕ್ಕೆ ಕಟ್ಟಿತ್ತು. ನಿಗದಿಯಾದಷ್ಟು ಕಂದಾಯವನ್ನು ತೆರುವವನು ಮತದಾರ. ಅವನ ಹೊಲದಲ್ಲಿ ಕೂಲಿ ಮಾಡುವವನು, ಗಜೇಂದ್ರಗಡದ ಮಗ್ಗದ ಮೇಲೆ ಕುಳಿತು ಸೀರೆ ನೇಯುವವನು ಸಾಮಾನ್ಯವಾಗಿ ಅದರ ಹೊರಗೆ. ೧೯೨೦ರ ಚುನಾವಣೆಯನ್ನು ಕಾಂಗ್ರೆಸ್ಸು ಬಹಿಷ್ಕರಿಸಿದುದರಿಂದ ರಾಷ್ಟ್ರೀಯ ಚಳವಳಿಯ ಜನರು ಆ ಸಭೆಯಿಂದ ದೂರ ಉಳಿದರು. ಅದೇ ವರ್ಷ ನಾಗಪುರದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ಏರ್ಪಡಿಸಲು ಒಪ್ಪಿತು. ಸರಕಾರದ ನಕ್ಷೆಯಲ್ಲಿ ಇಲ್ಲದಿದ್ದ ಕರ್ನಾಟಕವು ಕಾಂಗ್ರೆಸ್ಸಿನ ನಕ್ಷೆಯಲ್ಲಿ ಹೀಗೆ ಮೊದಲು ಮೂಡಿತು. ಧಾರವಾಡ ಜಿಲ್ಲೆಯ ಕಾರ್ಯಕರ್ತನು ಅಂದಿನಿಂದ ಏಕಕಾಲದಲ್ಲಿ ಎರಡು ನಾಡುಗಳ ಪ್ರಜೆಯಾದನು: ಕಂದಾಯಕ್ಕೆ ಮುಂಬಯಿ, ಮನಸ್ಸಿಗೆ ಕರ್ನಾಟಕ.

೧೯೩೫ರ ಕಾಯಿದೆಯಿಂದ ಮತದಾರರ ಸಂಖ್ಯೆಯು ಬ್ರಿಟಿಷ್ ಹಿಂದುಸ್ಥಾನದಲ್ಲೆಲ್ಲ ಸುಮಾರು ೩ ಕೋಟಿಗೆ ಏರಿತು. ಆದರೂ ಅದು ವಯಸ್ಕರಲ್ಲಿ ಒಂದು ಸಣ್ಣ ಅಂಶವೇ. ಈ ಕಾಯಿದೆಯ ಪ್ರಕಾರ ೧೯೩೭ರಲ್ಲಿ ನಡೆದ ಚುನಾವಣೆಯಲ್ಲಿ ಮುಂಬಯಿ ಅಸೆಂಬ್ಲಿಯ ೧೭೫ ಸ್ಥಾನಗಳಿಗೆ ಸದಸ್ಯರು ಆರಿಸಲ್ಪಟ್ಟರು. ಕನ್ನಡದ ನಾಲ್ಕು ಜಿಲ್ಲೆಗಳಾದ ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರಗಳಿಂದ ಹೋದವರು ಮರಾಠಿ, ಗುಜರಾತಿ ಸದಸ್ಯರ ನಡುವೆ ಅಲ್ಪಸಂಖ್ಯಾತರು. ಹೀಗೆ ಹೋದವರಲ್ಲಿ ರೋಣ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರೂ ಒಬ್ಬರು. ೧೯೦೮ರಲ್ಲಿ ಜನಿಸಿದ ಇವರಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ.

೪. ಸ್ಥಾನವನ್ನು ಬಿಟ್ಟು ಪ್ರತಿನಿಧಿಯಾದವರು

ದೊಡ್ಡಮೇಟಿಯವರು ಒಕ್ಕಲುತನದ ಮನೆತನದಲ್ಲಿ ಹುಟ್ಟಿ, ಸ್ವಾತಂತ್ರ್ಯದ ಚಳವಳಿಯಲ್ಲಿ ಬೆಳೆದವರು. ಅವರ ಮನೆತನದ ಹೆಸರಿನಲ್ಲಿಯೇ ‘ಮೇಟಿ’ ಎಂಬ ಶಬ್ದವಿದೆ. ಕಣದ ನಡುವೆ ನೆಟ್ಟು, ಎತ್ತುಗಳು ಅದರ ಸುತ್ತ ತಿರುಗಿ ತೆನೆ ತುಳಿಯುವ ಕಂಬಕ್ಕೆ ಮೇಟಿಯೆಂದು ಹೆಸರು. ಒಕ್ಕಣೆಯ ಸಾಧನವೇ ಒಕ್ಕಲುತನಕ್ಕೂ ಅದನ್ನು ನಡೆಸುವ ಮುಂದಾಳಿಗೂ ಹೆಸರಾಗಿ ನಿಂತುದು ಕನ್ನಡ ಶಬ್ದಗಳ ಅರ್ಥವಿಸ್ತಾರಕ್ಕೆ ಒಂದು ಸೊಗಸಾದ ನಿದರ್ಶನ.

ಸ್ವಾತಂತ್ರ್ಯವು ಬಂದ ಮೇಲೂ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದವು. ೧೯೫೨ರಲ್ಲಿ ವಯಸ್ಕ ಮತದಾನದ ಮೊದಲನೆಯ ಮಹಾಚುನಾವಣೆಯು ನಡೆಯಿತು. ಕಂದಾಯದ ರಸೀದಿಯಿಲ್ಲದ ಕೂಲಿಯೂ, ನೇಕಾರನೂ, ಹೆಣ್ಣುಮಗಳೂ ಮತಪೆಟ್ಟಿಗೆಯ ಬಳಿಗೆ ಬಂದರು. ೧೮೫೮ರಲ್ಲಿ ವಾದದಿಂದ ಹೊರಗಿದ್ದ ಮೂರನೆಯ ಪಕ್ಷವು ಈಗ ನ್ಯಾಯಪೀಠದ ಮೇಲೆಯೇ ಕುಳಿತಂತಾಯಿತು. ಆದರೆ ಆ ಮತದಿಂದ ಆರಿಸಿ ಹೋದವರು ಕುಳಿತುಕೊಳ್ಳಬೇಕಾದ ಸಭೆ ಮುಂಬಯಿಯದು. ಆರಿಸುವ ಹಕ್ಕು ಪೂರ್ಣವಾಗಿದ್ದರೂ ಆರಿಸಿದವನ ಮಾತು ತನ್ನ ನುಡಿಯ ಜನರ ಸಭೆಯಲ್ಲಿ ನಡೆಯದಿದ್ದರೆ ಪ್ರಾತಿನಿಧ್ಯವು ಅರ್ಧವೇ ಸರಿ ಎಂಬ ಭಾವನೆಯು ಈ ಭಾಗದಲ್ಲಿ ಬಲವಾಯಿತು.

೧೯೫೨ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರ ಪ್ರಾಣತ್ಯಾಗದ ತರುವಾಯ ಆಂಧ್ರಪ್ರಾಂತದ ರಚನೆಯನ್ನು ಭಾರತ ಸರಕಾರವು ಒಪ್ಪಿಕೊಂಡಿತು. ಕರ್ನಾಟಕದ ಮಾತು ಹಾಗೆಯೇ ಉಳಿಯಿತು. ೧೯೫೩ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಆಮರಣ ಉಪವಾಸವನ್ನು ಹಿಡಿದರು. ಆ ವರ್ಷದ ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಮಿತಿಯ ಸಭೆಯು ಸೇರಿದಾಗ ಜನರು ಸಾವಿರಾರು ಸಂಖ್ಯೆಯಲ್ಲಿ ನೆರೆದು ತಮ್ಮ ಮುಖಂಡರನ್ನೇ ಪ್ರಶ್ನಿಸಿದರು. ಗಲಭೆಯಾಯಿತು, ಬಂಧನಗಳು ನಡೆದುವು. ಇದೇ ಸಂದರ್ಭದಲ್ಲಿ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯ ತಮ್ಮ ಸ್ಥಾನಕ್ಕೆ ರಾಜೀನಾಮೆಯನ್ನು ಕೊಟ್ಟು ತಾವೂ ಉಪವಾಸವನ್ನು ಕೈಕೊಂಡರು.

ಈ ರಾಜೀನಾಮೆಯ ಅರ್ಥವನ್ನು ಕೊಂಚ ವಿಮರ್ಶಿಸಬೇಕು. ಪ್ರತಿನಿಧಿಯಾದವನು ತನ್ನ ಸ್ಥಾನದಲ್ಲಿ ಕುಳಿತು ಜನರ ಕೆಲಸವನ್ನು ಮಾಡತಕ್ಕದ್ದು, ಸ್ಥಾನವನ್ನು ಬಿಟ್ಟರೆ ಜನರ ಧ್ವನಿಯೇ ಅಡಗುವುದು ಎಂಬ ಪಕ್ಷವುಂಟು. ಅದು ಹುರುಳಿಲ್ಲದ ವಾದವಲ್ಲ. ಅಂದು ಸಭೆಯಲ್ಲಿ ಉಳಿದು ಏಕೀಕರಣಕ್ಕೆ ದುಡಿದವರೂ ಇದ್ದರು. ಅವರ ಸೇವೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ತಾನು ಕುಳಿತಿರುವ ಸಭೆಯೇ ತನ್ನ ಜನರದಲ್ಲವೆಂಬುದು ವಿವಾದದ ವಿಷಯವಾದಾಗ, ಆ ಸಭೆಯಲ್ಲಿ ಮಂಡಿಸುವ ಯಾವ ಗೊತ್ತುವಳಿಗಿಂತಲೂ ಅದರಿಂದ ಎದ್ದು ಬರುವುದು ಸ್ಪಷ್ಟವಾದ ಭಾಷಣವಾಗುತ್ತದೆ. ಜಕ್ಕಲಿಯ ಸದಸ್ಯರು ಸ್ಥಾನವನ್ನು ಬಿಟ್ಟ ದಿನ ಅವರ ಪ್ರಾತಿನಿಧ್ಯವು ಕುಂದಲಿಲ್ಲವೆಂಬುದಕ್ಕೆ ಸಾಕ್ಷಿಯು ಮುಂದಿನ ಚುನಾವಣೆಯಲ್ಲಿದೆ. ೧೯೫೬ನೆಯ ನವೆಂಬರ್ ೧ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ಒಂದಾದುವು. ೧೯೫೭ರಲ್ಲಿ ೨೦೮ ಸ್ಥಾನಗಳ ಹೊಸ ವಿಧಾನಸಭೆಗೆ ಚುನಾವಣೆಯು ನಡೆದಾಗ ರೋಣದ ಮತದಾರರು ದೊಡ್ಡಮೇಟಿಯವರನ್ನೇ ಆರಿಸಿ ಕಳುಹಿಸಿದರು.

ಹೊಸ ರಾಜ್ಯಕ್ಕೆ ‘ಕರ್ನಾಟಕ’ವೆಂಬ ಹೆಸರೇ ಇರತಕ್ಕದ್ದೆಂದು ಪಟ್ಟುಹಿಡಿದವರಲ್ಲಿ ಅವರು ಪ್ರಮುಖರು. ಗದಗಿನ ಕಲಾವಿದರಾದ ಸಿ. ಎನ್. ಪಾಟೀಲರಿಂದ ಅವರು ಬರೆಯಿಸಿದ ಭುವನೇಶ್ವರಿಯ ಚಿತ್ರವು ಜಕ್ಕಲಿಯಲ್ಲಿ ಪ್ರಸಿದ್ಧವಾಗಿದೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು ೧೯೭೩ನೆಯ ನವೆಂಬರ್ ೧ರಂದು. ದೊಡ್ಡಮೇಟಿಯವರು ೧೯೭೨ರಲ್ಲಿಯೇ ಕಾಲವಾಗಿದ್ದರು.

೫. ನೀರು, ಕರ ಮತ್ತು ಜನರ ನೇರವಾಣಿ

ಭಾಷೆಯ ಪ್ರಶ್ನೆಯು ತೀರಿದ ಮೇಲೆ ಈ ಪ್ರಾಂತದ ಪ್ರತಿನಿಧಿಗಳನ್ನು ಪರೀಕ್ಷಿಸಿದುದು ನೀರಿನ ಪ್ರಶ್ನೆ. ಎರೆಭೂಮಿಯ ಈ ಸೀಮೆಯು ಮಳೆಯನ್ನೇ ನಂಬಿ ಜೋಳ, ಹತ್ತಿ, ಗೋದಿ, ಕಡಲೆಗಳನ್ನು ಬೆಳೆಯುತ್ತಿದ್ದಿತು. ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ, ಕಾಲುವೆಯ ನೀರು ನವಲಗುಂದ, ನರಗುಂದಗಳ ಹೊಲಗಳತ್ತ ಬಂದಿತು. ನೀರಿನೊಡನೆ ಕರಗಳೂ ಬಂದುವು. ಜಮೀನಿನ ಬೆಲೆ ಏರಿತೆಂಬ ಲೆಕ್ಕದಿಂದ ಅಭಿವೃದ್ಧಿ ಕರವನ್ನು ವಿಧಿಸಲಾಯಿತು; ಆದರೆ ನೀರು ಸರಿಯಾಗಿ ಮುಟ್ಟದ ಹೊಲದವನೂ, ನೀರು ನಿಂತು ಎರೆಮಣ್ಣು ಜೌಗಾದ ಹೊಲದವನೂ ಅದೇ ಕರದ ಬಾಕಿದಾರರೆನಿಸಿದರು.

೧೯೮೦ನೆಯ ಜುಲೈ ೨೧ರಂದು ನರಗುಂದದಲ್ಲಿಯೂ ನವಲಗುಂದದಲ್ಲಿಯೂ ರೈತರ ಪ್ರತಿಭಟನೆಯು ಸಂಘರ್ಷಕ್ಕೆ ತಿರುಗಿತು. ಪೋಲೀಸರು ಗುಂಡು ಹಾರಿಸಿದರು. ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಎಂಬ ರೈತರು ಮಡಿದರು. ಪೋಲೀಸರ ಪಕ್ಷದಲ್ಲಿಯೂ ಸಾವು ಸಂಭವಿಸಿತು. ಕಿಡಿಯು ರಾಜ್ಯದಲ್ಲೆಲ್ಲ ಹರಡಿತು. ಅದೇ ವರ್ಷ ರಾಜ್ಯ ರೈತಸಂಘವು ಸ್ಥಾಪಿತವಾಯಿತು. ೧೯೮೩ರ ಚುನಾವಣೆಯಲ್ಲಿ ಗುಂಡೂರಾಯರ ಸರಕಾರವು ಸೋತು, ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಪ್ರಥಮ ಕಾಂಗ್ರೆಸ್ಸೇತರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಆ ಸೋಲಿಗೆ ಕಾರಣಗಳು ಹಲವು. ನರಗುಂದದ ಗುಂಡಿನ ಸದ್ದು ಅವುಗಳಲ್ಲೊಂದೆಂಬುದನ್ನು ಅಂದಿನ ರಾಜಕಾರಣವನ್ನು ಬಲ್ಲವರು ಒಪ್ಪುವರು. ಪ್ರತಿವರ್ಷ ಜುಲೈ ೨೧ರಂದು ನರಗುಂದದಲ್ಲಿ ರೈತ ಹುತಾತ್ಮರ ದಿನವು ಆಚರಿಸಲ್ಪಡುತ್ತದೆ.

೨೦೧೫ರ ಜುಲೈಯಲ್ಲಿ ಅದೇ ನರಗುಂದದಲ್ಲಿ ಮತ್ತೊಂದು ಧರಣಿಯು ಆರಂಭವಾಯಿತು. ಮಹಾದಾಯಿಯ ಉಪನದಿಗಳಾದ ಕಳಸಾ, ಬಂಡೂರಿಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ಅದರ ಬೇಡಿಕೆ. ೨೦೧೮ನೆಯ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ ಒಟ್ಟು ೧೩.೪೨ ಟಿ.ಎಂ.ಸಿ. ನೀರನ್ನು ಗೊತ್ತುಮಾಡಿತು. ಇದರಲ್ಲಿ ಮಲಪ್ರಭೆಗೆ ತಿರುಗಿಸಲು ದೊರೆತುದು ಕಳಸಾದಿಂದ ೧.೭೨, ಬಂಡೂರಿಯಿಂದ ೨.೧೮, ಒಟ್ಟು ೩.೯ ಟಿ.ಎಂ.ಸಿ.; ದೊಡ್ಡ ಪಾಲಾದ ೮.೦೨ ಟಿ.ಎಂ.ಸಿ. ವಿದ್ಯುತ್ತಿನ ಉತ್ಪಾದನೆಗೆ ಮೀಸಲು.

೧೯೫೩, ೧೯೮೦, ೨೦೧೫ — ಈ ಮೂರು ಸಂದರ್ಭಗಳಲ್ಲಿಯೂ ಸಮಾನವಾದ ಒಂದು ಲಕ್ಷಣವು ಕಾಣುತ್ತದೆ. ಜನರಿಗೆ ಚುನಾಯಿತ ಪ್ರತಿನಿಧಿಗಳು ಇದ್ದರು. ಆದರೂ ಮಾತು ಮೊದಲು ಬೀದಿಯಲ್ಲಿ ಹುಟ್ಟಿ ಆಮೇಲೆ ಸಭೆಯನ್ನು ಪ್ರವೇಶಿಸಿತು. ಮತವು ಐದು ವರ್ಷಕ್ಕೊಮ್ಮೆ ಕೇಳುವ ಪ್ರಶ್ನೆ. ಹೊಲದ ಕಷ್ಟವು ಅಷ್ಟು ಕಾಲ ಕಾಯಲಾರದು. ಈ ಅಂತರವನ್ನು ತುಂಬುವ ಶಕ್ತಿಯೇ ಇಲ್ಲಿ ಪ್ರತಿನಿಧಿಯ ಯೋಗ್ಯತೆಯ ಅಳತೆಯಾಗಿ ಬಂದಿದೆ.

೬. ಎಲ್ಲೆಗಳು ಮತ್ತು ಹೆಸರುಗಳು

ಇನ್ನು ಕ್ಷೇತ್ರದ ಎಲ್ಲೆಗಳ ವಿಚಾರ. ೧೯೯೭ರಲ್ಲಿ ಧಾರವಾಡದಿಂದ ಗದಗ ಜಿಲ್ಲೆಯು ಬೇರೆಯಾಯಿತು. ೨೦೦೮ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಮುಂಡರಗಿ ಕ್ಷೇತ್ರವು ಅಳಿದು, ಜಿಲ್ಲೆಯಲ್ಲಿ ಶಿರಹಟ್ಟಿ, ಗದಗ, ರೋಣ, ನರಗುಂದ ಎಂಬ ನಾಲ್ಕು ಕ್ಷೇತ್ರಗಳು ಉಳಿದುವು. ಮುಂಡರಗಿ ತಾಲ್ಲೂಕಿನ ಡಂಬಳದ ಭಾಗವು ರೋಣ ಕ್ಷೇತ್ರಕ್ಕೂ, ರೋಣ ತಾಲ್ಲೂಕಿನ ಹೊಳೆಆಲೂರಿನ ಭಾಗವು ನರಗುಂದ ಕ್ಷೇತ್ರಕ್ಕೂ ಸೇರಿವೆ. ಲೋಕಸಭೆಯ ವಿಂಗಡಣೆಯು ಇದಕ್ಕಿಂತ ಕುತೂಹಲಕರ: ರೋಣವು ಹಾವೇರಿ ಕ್ಷೇತ್ರದಲ್ಲಿದೆ, ನೆರೆಯ ನರಗುಂದವು ಬಾಗಲಕೋಟೆ ಕ್ಷೇತ್ರದಲ್ಲಿದೆ. ಹೊಳೆಆಲೂರಿನ ರೈತನು ಕಂದಾಯಕ್ಕೆ ರೋಣಕ್ಕೂ, ಜಿಲ್ಲೆಯ ಕೆಲಸಕ್ಕೆ ಗದಗಕ್ಕೂ ಹೋಗಬೇಕು. ಅವನ ಶಾಸಕನು ನರಗುಂದದವನು, ಲೋಕಸಭೆಯ ಸದಸ್ಯನು ಬಾಗಲಕೋಟೆಯವನು. ಜನಸಂಖ್ಯೆಯ ಸಮತೆಗಾಗಿ ಗೆರೆ ಎಳೆಯುವುದು ಅನಿವಾರ್ಯವಾದರೂ, ಹೀಗೆ ಎಳೆದ ಗೆರೆಗಳು ಹೊಣೆಯನ್ನು ಹಂಚಿಹಾಕುತ್ತವೆಂಬುದನ್ನು ಮರೆಯಬಾರದು.

ಗಜೇಂದ್ರಗಡದ ಪ್ರಸಂಗವೂ ಗಮನಾರ್ಹ. ೨೦೧೧ರ ಜನಗಣತಿಯಂತೆ ಆ ಪಟ್ಟಣವು ರೋಣಕ್ಕಿಂತ ದೊಡ್ಡದು. ೨೦೧೮ರಲ್ಲಿ ಅದು ಬೇರೆ ತಾಲ್ಲೂಕಿನ ಕೇಂದ್ರವೂ ಆಯಿತು. ಆದರೆ ವಿಧಾನಸಭಾ ಕ್ಷೇತ್ರದ ಹೆಸರು ರೋಣವೆಂದೇ ಇದೆ. ೧೭೮೭ರಲ್ಲಿ ರಾಜ್ಯರಾಜ್ಯಗಳ ನಡುವಣ ಒಪ್ಪಂದಕ್ಕೆ ಹೆಸರು ಕೊಟ್ಟ ಊರಿಗೆ ಶಾಸನಸಭೆಯಲ್ಲಿ ತನ್ನ ಹೆಸರಿನ ಪೀಠವಿಲ್ಲ.

ಇತ್ತೀಚಿನ ಚುನಾವಣೆಗಳನ್ನು ನೋಡಿದರೆ, ರೋಣದಲ್ಲಿ ೨೦೦೮ರಲ್ಲಿ ಭಾರತೀಯ ಜನತಾ ಪಕ್ಷದ ಕಳಕಪ್ಪ ಬಂಡಿ, ೨೦೧೩ರಲ್ಲಿ ಕಾಂಗ್ರೆಸ್ಸಿನ ಜಿ. ಎಸ್. ಪಾಟೀಲ, ೨೦೧೮ರಲ್ಲಿ ಮರಳಿ ಬಂಡಿ, ೨೦೨೩ರಲ್ಲಿ ಮರಳಿ ಪಾಟೀಲ — ಹೀಗೆ ಜಯವು ತಕ್ಕಡಿಯಂತೆ ತೂಗಿದೆ. ನರಗುಂದದಲ್ಲಿ ೨೦೦೮ರಲ್ಲಿ ಭಾರತೀಯ ಜನತಾ ಪಕ್ಷದ ಸಿ. ಸಿ. ಪಾಟೀಲರೂ, ೨೦೧೩ರಲ್ಲಿ ಕಾಂಗ್ರೆಸ್ಸಿನ ಬಿ. ಆರ್. ಯಾವಗಲ್ಲರೂ, ೨೦೧೮ ಮತ್ತು ೨೦೨೩ರಲ್ಲಿ ಪುನಃ ಸಿ. ಸಿ. ಪಾಟೀಲರೂ ಗೆದ್ದರು. ಸಿ. ಸಿ. ಪಾಟೀಲರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯನ್ನೂ, ೨೦೨೧ರಿಂದ ೨೦೨೩ರವರೆಗೆ ಲೋಕೋಪಯೋಗಿ ಖಾತೆಯನ್ನೂ ನಿರ್ವಹಿಸಿದರು. ಬಂಡಿಯವರೂ ಮಂತ್ರಿಪದವಿಯಲ್ಲಿದ್ದವರು.

ಈ ಹೆಸರುಗಳಲ್ಲಿ ಭಾಷಾಶಾಸ್ತ್ರಜ್ಞನಿಗೂ ಚರಿತ್ರಕಾರನಿಗೂ ಸಮಾನವಾಗಿ ಪ್ರಿಯವಾದ ಸಾಮಗ್ರಿಯುಂಟು. ‘ಪಾಟೀಲ’ ಎಂಬುದು ಮೂಲದಲ್ಲಿ ಮನೆತನದ ಹೆಸರಲ್ಲ, ಊರಗೌಡನ ಹುದ್ದೆಯ ಹೆಸರು. ಮುಂಬಯಿ ಸರಕಾರವು ೧೮೭೪ರ ವತನ ಕಾಯಿದೆಯಿಂದ ಈ ವಂಶಪಾರಂಪರ್ಯದ ಹುದ್ದೆಗಳನ್ನು ಕಟ್ಟುಪಾಡಿಗೆ ಒಳಪಡಿಸಿತು. ಮೈಸೂರು ಶಾಸನಸಭೆಯು ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ಅವನ್ನು ತೆಗೆದುಹಾಕಿತು. ಹುದ್ದೆಯು ಹೋಯಿತು, ಹೆಸರು ಉಳಿಯಿತು. ಆ ಹೆಸರಿನವರು ಹುದ್ದೆಯನ್ನು ರದ್ದುಮಾಡಿದ ಸಭೆಗೇ ಮತದಿಂದ ಆಯ್ಕೆಯಾಗಿ ಬರುತ್ತಿದ್ದಾರೆ. ೨೦೨೩ರ ಚುನಾವಣೆಯಲ್ಲಿ ರೋಣ, ನರಗುಂದಗಳೆರಡರಲ್ಲಿಯೂ ಗೆದ್ದವರ ಮನೆತನದ ಹೆಸರು ಇದೇ. ಇದರಿಂದ ಹಳೆಯ ಗೌಡಕಿಯೇ ಇಂದಿಗೂ ನಡೆದಿದೆಯೆಂದು ಅನುಮಾನಿಸುವುದು ಆತುರವಾದೀತು: ಗೌಡಕಿಯನ್ನು ಊರು ಹಿಂದಕ್ಕೆ ಪಡೆಯುವಂತಿರಲಿಲ್ಲ, ಶಾಸಕತ್ವವನ್ನು ಮತದಾರನು ಹಿಂದಕ್ಕೆ ಪಡೆಯಬಲ್ಲನು. ರೋಣದ ತಕ್ಕಡಿಯು ಮೂರು ಚುನಾವಣೆಗಳಲ್ಲಿ ಮೂರು ಬಾರಿ ತಿರುಗಿದುದೇ ಇದಕ್ಕೆ ಪ್ರಮಾಣ. ಆದರೆ ಊರಿನ ಹಿರಿತನವು ಯಾವ ಮನೆಗಳಲ್ಲಿ ನೆಲೆಸಿದ್ದಿತೋ ಆ ವರ್ಗದಿಂದಲೇ ಉಮೇದುವಾರರು ಬಹುಮಟ್ಟಿಗೆ ಬರುತ್ತಾರೆಂಬ ಮಾತನ್ನು ಅಲ್ಲಗಳೆಯಲಾಗದು. ಕಂದಾಯದ ಮೇಲಣ ಮತವು ೧೯೫೨ರಲ್ಲಿ ಹೋಯಿತು; ಕಂದಾಯದ ಮೇಲಣ ಉಮೇದುವಾರಿಕೆಯು ಪೂರ್ತಿಯಾಗಿ ಹೋಗಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

೭. ಉಪಸಂಹಾರ

ಮೇಲೆ ನಿರೂಪಿಸಿದ ಸಂಗತಿಗಳಿಂದ ಸಿದ್ಧವಾಗುವುದೇನೆಂದರೆ: ಈ ಪ್ರಾಂತದಲ್ಲಿ ನಾಡಿನ ಪರವಾಗಿ ಮಾತನಾಡುವ ಹಕ್ಕು ಒಪ್ಪಂದದಿಂದ ಸನದಿಗೆ, ಸನದಿನಿಂದ ಕಂದಾಯಕ್ಕೆ, ಕಂದಾಯದಿಂದ ವಯಸ್ಸಿಗೆ ಇಳಿಯುತ್ತ ಬಂದಿದೆ. ಪ್ರತಿಯೊಂದು ಮೆಟ್ಟಿಲಲ್ಲಿಯೂ ಒಂದು ಹೊಸ ಜನವರ್ಗವು ಒಳಗೆ ಬಂದಿತು. ಆದರೆ ಕೊನೆಯ ಮೆಟ್ಟಿಲು ಮುಟ್ಟಿದ ಮೇಲೂ ಹಕ್ಕು ತಾನಾಗಿ ಫಲಿಸಲಿಲ್ಲ. ಅದನ್ನು ೧೯೫೩ರಲ್ಲಿ ಉಪವಾಸದಿಂದಲೂ, ೧೯೮೦ರಲ್ಲಿ ಪ್ರಾಣದಿಂದಲೂ, ೨೦೧೫ರ ತರುವಾಯ ದೀರ್ಘವಾದ ಧರಣಿಯಿಂದಲೂ ಜನರು ನೆನಪುಮಾಡಿಕೊಡಬೇಕಾಯಿತು.

ನಮ್ಮ ಪಾಠಶಾಲೆಗಳಲ್ಲಿ ಬಾಬಾಸಾಹೇಬನ ಬಂಡಾಯವನ್ನು ಬೋಧಿಸುತ್ತಾರೆ, ಅದು ಯುಕ್ತವೇ. ಆ ಪಾಠದ ಜೊತೆಗೆ ಜಕ್ಕಲಿಯ ರಾಜೀನಾಮೆಯನ್ನೂ, ಚಿಕ್ಕನರಗುಂದದ ರೈತನ ಮರಣವನ್ನೂ ಬೋಧಿಸಿದರೆ, ಅರಸನು ತನ್ನ ಉತ್ತರಾಧಿಕಾರಿಯನ್ನು ಆರಿಸುವ ಹಕ್ಕಿಗಾಗಿ ಮಡಿದ ನೆಲದಲ್ಲಿಯೇ ಪ್ರಜೆಯು ತನ್ನ ಪ್ರತಿನಿಧಿಯನ್ನು ಆರಿಸಿ, ಪ್ರಶ್ನಿಸಿ, ಇಳಿಸುವ ಹಕ್ಕನ್ನು ಹೇಗೆ ಸಂಪಾದಿಸಿದನೆಂಬುದು ವಿದ್ಯಾರ್ಥಿಗಳಿಗೆ ವಿಶದವಾದೀತು. ಪ್ರತಿಯೊಂದು ತಾಲ್ಲೂಕಿನ ಅಧ್ಯಾಪಕರೂ ತಮ್ಮ ಕ್ಷೇತ್ರದ ಇಂತಹ ಚರಿತ್ರೆಯನ್ನು ಕಚೇರಿಯ ಕಡತಗಳಿಂದಲೂ ಹಿರಿಯರ ಬಾಯಿಂದಲೂ ಸಂಗ್ರಹಿಸಲು ತೊಡಗಿದಲ್ಲಿ, ಕರ್ನಾಟಕದ ಪ್ರಜಾಪ್ರಭುತ್ವದ ಇತಿಹಾಸವನ್ನು ಬೆಂಗಳೂರಿನಿಂದ ಕೆಳಕ್ಕೆ ಬರೆಯುವ ಬದಲು ಹೊಲದ ಬದುವಿನಿಂದ ಮೇಲಕ್ಕೆ ಬರೆಯುವುದು ಸಾಧ್ಯವಾಗುವುದು.